ಬೋರಲಿಟ್ಟ ಬಟ್ಟಲು

“ಗುರುಗಳೇ, ನಾನು ಬಿಟ್ಟದ್ದು ಯಾವುದು, ನನ್ನನ್ನು ಬಿಟ್ಟು ಹೋಗುತ್ತಿರುವುದು ಯಾವುದು?”

ಕೇಳಿದವನು ಶಾಂತಯ್ಯ. ಮಠದ ಶಿಷ್ಯರಲ್ಲಿ ಅವನೇ ಹಿರಿಯ. ಗುರುಗಳಿಗಿಂತಲೂ ವಯಸ್ಸಿನಲ್ಲಿ ದೊಡ್ಡವನು. ಸಂಸಾರದ ಹೊಣೆ ತೀರಿದ ಮೇಲೆ ಬಂದು ಸೇರಿದ್ದ. ಬಂದ ವರ್ಷವೇ ಹಾಲು, ಮೊಸರು, ಮಜ್ಜಿಗೆ ಎಲ್ಲವನ್ನೂ ಬಿಟ್ಟಿದ್ದ. ನಾಲಿಗೆಗೆ ಪ್ರಿಯವಾದದ್ದನ್ನು ಮೊದಲು ಬಿಡಬೇಕು ಎಂಬುದು ಅವನ ನಂಬಿಕೆ. ಈಗ ತುಂಬಿದ ಕೊಡ ಎತ್ತಲು ಅವನಿಗೆ ಆಗುತ್ತಿರಲಿಲ್ಲ. ಕುಳಿತರೆ ಏಳಲು ಗೋಡೆ ಬೇಕಾಗಿತ್ತು. ಆ ದಿನ ಬೆಳಿಗ್ಗೆ ಬಾವಿಯ ಕಟ್ಟೆಯ ಬಳಿ ಬಿದ್ದಿದ್ದ.

“ದೇಹ ಬತ್ತುತ್ತಿದೆ. ವ್ರತ ಫಲಿಸುತ್ತಿರುವುದರ ಗುರುತು ಇದು ಎಂದುಕೊಂಡಿದ್ದೆ. ಬಿದ್ದಾಗ ಹೆದರಿಕೆಯಾಯಿತು. ಹೆದರಿದವರು ಯಾರು ಎಂದೇ ತಿಳಿಯಲಿಲ್ಲ.”

ಅವನು ಸರಿಯಾಗಿ ಕೂರುವವರೆಗೆ ಗುರುಗಳು ಕಾದರು. ಆಮೇಲೆ ಈ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಕಾಶವ್ವ. ಮನೆಯಲ್ಲಿ ಮಗ, ಸೊಸೆ, ಒಂದು ಎಮ್ಮೆ. ನೇಕಾರನಿಗೆ ಬೇರೆ ಯಾವ ಚಟವೂ ಇರಲಿಲ್ಲ. ದಿನಾ ಮಧ್ಯಾಹ್ನ ಒಂದು ಬಟ್ಟಲು ಹಾಲು ಬೇಕು, ಅಷ್ಟೇ. ಹೊತ್ತು ನೆತ್ತಿಯಿಂದ ಸರಿದಾಗ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಮೇಲೆದ್ದು ಬರುತ್ತಿದ್ದ. ಕೂತು ಕೂತು ಅವನ ಎಡಗಾಲು ಮರಗಟ್ಟಿರುತ್ತಿತ್ತು, ಅದನ್ನು ಸ್ವಲ್ಪ ಎಳೆದು ಹಾಕುತ್ತಿದ್ದ. ನಿಂತುಕೊಂಡೇ ಹಾಲು ಕುಡಿದು, ಎಡಗೈಯ ಹಿಂಬದಿಯಿಂದ ಮೀಸೆ ಒರೆಸಿಕೊಂಡು, ಬಟ್ಟಲನ್ನು ಗೋಡೆಯ ಗೂಡಿನಲ್ಲಿ ಬೋರಲು ಇಟ್ಟು, “ಮುಗೀತು” ಎನ್ನುತ್ತಿದ್ದ. ಮತ್ತೆ ಮಗ್ಗಕ್ಕೆ ಇಳಿಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಒಳಗಿನಿಂದ “ಹಾಲು ತಾ” ಎಂದು ಕೂಗಿದ. ಕಾಶವ್ವ ಹಿತ್ತಿಲಲ್ಲಿ ಪಕ್ಕದ ಮನೆಯವಳೊಂದಿಗೆ ಮಾತಿಗೆ ನಿಂತಿದ್ದಳು. “ಬಂದೆ, ತಡೀರಿ” ಎಂದಳು. ಮಾತು ಮುಗಿಯಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಅವಳು ಮತ್ತೆ “ಬಂದೆ” ಎಂದಳು. ಬಟ್ಟಲು ಹಿಡಿದು ಒಳಗೆ ಹೋದಾಗ ಮಗ್ಗ ನಿಂತಿತ್ತು. ಅವನು ನೇಯ್ದ ಬಟ್ಟೆಯ ಮೇಲೆ ತಲೆಯಿಟ್ಟು ಮಲಗಿದ್ದ. ಎಬ್ಬಿಸಿದರೆ ಏಳಲಿಲ್ಲ.

ಕಾಶವ್ವ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಎಲ್ಲರ ಮುಂದೆ ಒಂದು ಮಾತು ಹೇಳಿದಳು. “ಅವರು ಕೇಳಿದಾಗ ನಾನು ಕೊಡಲಿಲ್ಲ. ಇನ್ನು ಹಾಲಿನದು ಯಾವುದೂ ನನ್ನ ಬಾಯಿಗೆ ಹೋಗಕೂಡದು.”

ಅಂದಿನಿಂದ ದಿನವೂ ಮಧ್ಯಾಹ್ನ ಅವಳು ಮಗ್ಗದ ಕೋಣೆಯಲ್ಲಿ ಅವನ ಬಟ್ಟಲು ತುಂಬಿಸಿ ಇಡುತ್ತಿದ್ದಳು. ಸಂಜೆ ಅದು ತುಂಬಿದಂತೆಯೇ ಇರುತ್ತಿತ್ತು. ಅದನ್ನು ತೆಗೆದುಕೊಂಡು ಹೋಗಿ ಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ಕಣ್ಣೆದುರು ಹಾಲು ಮಣ್ಣಿಗೆ ಇಳಿಯುವುದನ್ನು ಸೊಸೆ ನಿಂಬೆಕ್ಕ ನೋಡುತ್ತಿದ್ದಳು.

ಕಾಶವ್ವನಿಗೆ ಹಲ್ಲುಗಳು ಹೋಗಿದ್ದವು. ಮೊದಲೆಲ್ಲ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಈಗ ನೀರಿನಲ್ಲಿ ನೆನೆಸಿಕೊಂಡಳು. ಕಾಳು ಅಗಿಯಲಾಗುತ್ತಿರಲಿಲ್ಲ, ಅದನ್ನೂ ಬಿಟ್ಟಳು. ವರ್ಷ ಕಳೆಯಿತು. ಮೊದಲು ಅವಳ ಕೈ ಸೋತಿತು. ಒಗೆದ ಸೀರೆಯನ್ನು ಹಿಂಡಿದರೆ ನೀರು ಸೀರೆಯಲ್ಲೇ ಉಳಿಯುತ್ತಿತ್ತು. ರಾಟೆ ತಿರುಗಿಸುವಾಗ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಕಾಲು. ಹೊಸ್ತಿಲು ದಾಟುವ ಮೊದಲು ಅದನ್ನು ಹೊಳೆಯಂತೆ ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ಅಂಗಳದಲ್ಲಿ ಬಿದ್ದಳು. ಎಡವಿದ್ದಕ್ಕೆ ಅಲ್ಲ. ನಿಂತವಳು ನಿಂತಲ್ಲೇ ಕುಸಿದಿದ್ದಳು.

ಮಗ ವೈದ್ಯನನ್ನು ಕರೆತಂದ. ವೈದ್ಯ ತನ್ನ ಎರಡು ಬೆರಳನ್ನು ಅವಳ ಅಂಗೈಯಲ್ಲಿಟ್ಟು, “ಬಿಗಿಯಾಗಿ ಹಿಡಿ ತಾಯಿ” ಎಂದ. ಅವಳು ಹಿಡಿದಳು. ವೈದ್ಯ “ಹಿಡಿ” ಎಂದು ಮತ್ತೆ ಹೇಳಿದ. “ಹಿಡಿದಿದ್ದೇನೆ” ಎಂದಳು ಕಾಶವ್ವ.

ಹೊರಗೆ ಬಂದು ವೈದ್ಯ ಮಗನಿಗೆ ಹೇಳಿದ. “ರೋಗವೇನೂ ಇಲ್ಲ. ಈ ವಯಸ್ಸಿನಲ್ಲಿ ಮೈಯ ಕಸುವು ಮನುಷ್ಯನಿಗಿಂತ ಮುಂಚೆ ಹೊರಟುಬಿಡುತ್ತದೆ. ತಡೆದು ನಿಲ್ಲಿಸಬೇಕು. ಹಾಲು ಕೊಡಿ, ಮೊಸರು ಕೊಡಿ, ಬೇಳೆ ಬೇಯಿಸಿ ಹಿಸುಕಿ ಕೊಡಿ. ದಿನಾ ನಡೆಸಿ. ಹಾಲೊಂದೇ ಇವಳನ್ನು ಎತ್ತಿ ನಿಲ್ಲಿಸುತ್ತದೆ ಎಂದು ನಾನು ಹೇಳಲಾರೆ. ಆದರೆ ಈ ಬಾಯಿಗೆ ಇಳಿಯುವ ಆಹಾರ ಬೇರೆ ಏನಿದೆ? ಹೀಗೇ ಬಿಟ್ಟರೆ ಇನ್ನೊಂದು ಸಲ ಬಿದ್ದವಳು ಏಳುವುದಿಲ್ಲ.”

ಮಗ ಒಳಗೆ ಹೋಗಿ ತಾಯಿಯ ಕಾಲ ಬಳಿ ಕುಳಿತು ಬೇಡಿಕೊಂಡ. ಕಾಶವ್ವ ಬೇಳೆಗೆ ಒಪ್ಪಿದಳು. ಹಾಲಿಗೆ ಒಪ್ಪಲಿಲ್ಲ. “ಅದು ಅವರ ಪಾಲು” ಎಂದಳು. ನಿಂಬೆಕ್ಕ ಬೇಳೆಯಲ್ಲಿ ಒಂದಿಷ್ಟು ಹಾಲು ಬೆರೆಸಿ ಕೊಟ್ಟಳು. ಕಾಶವ್ವ ಮೂಸಿ ನೋಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ದಿನ ಅವಳು ಏನನ್ನೂ ತಿನ್ನಲಿಲ್ಲ.

ಇದಾಗಿ ಕೆಲವು ದಿನಗಳ ಮೇಲೆ ಒಂದು ಸಂಜೆ ನಿಂಬೆಕ್ಕ ದೀಪ ಹಚ್ಚಲು ಮಗ್ಗದ ಕೋಣೆಗೆ ಹೋದಳು. ಬಟ್ಟಲು ಇಟ್ಟ ಜಾಗದಲ್ಲಿ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಬೋರಲು ಇತ್ತು. ಎತ್ತಿ ನೋಡಿದಳು. ಬರಿದಾಗಿತ್ತು.

ಬೆಕ್ಕಿನ ಕೆಲಸ ಎಂದು ಮಗ ಹೇಳಿದ. ಬೆಕ್ಕು ಬಟ್ಟಲನ್ನು ಗೂಡಿಗೆ ಎತ್ತಿಡುವುದಿಲ್ಲ ಎಂದು ನಿಂಬೆಕ್ಕ ಹೇಳಲಿಲ್ಲ. ಅದು ಅವನಿಗೂ ತಿಳಿದಿತ್ತು. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ ಆಯಿತು. ಕಾಶವ್ವನ ಮುಖದಲ್ಲಿ ಮಾತ್ರ ಆಶ್ಚರ್ಯವಿರಲಿಲ್ಲ. “ಬಂದಿದ್ದಾರೆ. ಇಷ್ಟು ದಿನ ಸಿಟ್ಟು ಮಾಡಿಕೊಂಡಿದ್ದರು” ಎಂದಳು.

ಮಗ ಮಧ್ಯಾಹ್ನ ಮಗ್ಗಕ್ಕೆ ಇಳಿಯುವುದನ್ನು ನಿಲ್ಲಿಸಿದ. ಊಟವಾದೊಡನೆ ಹೊರಗೆ ಹೋಗಿ, ಬಿಸಿಲು ತಗ್ಗಿದ ಮೇಲೆ ಬರುತ್ತಿದ್ದ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾವ ಸದ್ದೂ ಇರುತ್ತಿರಲಿಲ್ಲ. ಕಾಶವ್ವ ನಡುಮನೆಯಲ್ಲಿ ಮಲಗಿರುತ್ತಿದ್ದಳು. ನಿಂಬೆಕ್ಕ ಹಿತ್ತಿಲಲ್ಲಿ ಎಮ್ಮೆಯ ಪಕ್ಕ ಕುಳಿತಿರುತ್ತಿದ್ದಳು. ಮನೆಯೊಳಗಿರುವುದಕ್ಕಿಂತ ಎಮ್ಮೆಯ ಪಕ್ಕ ಇರುವುದು ಅವಳಿಗೆ ಹಿತವಾಗಿತ್ತು.

ತಿಂಗಳುಗಳು ಹೋದವು. ಈಗ ಬೇರೊಂದು ಸಂಗತಿ ಮನೆಯವರ ಗಮನಕ್ಕೆ ಬಂತು. ಕಾಶವ್ವ ಗೋಡೆ ಹಿಡಿಯದೆ ಏಳುತ್ತಿದ್ದಳು. ಹೊಸ್ತಿಲನ್ನು ನೋಡದೆ ದಾಟುತ್ತಿದ್ದಳು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಾವಿಗೆ ಹೋಗಿ ತುಂಬಿದ ಕೊಡ ಹೊತ್ತು ತಂದಳು. ಅವಳ ಓರಗೆಯ ಹೆಂಗಸರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯುತ್ತಿದ್ದ ಕಾಲ ಅದು. ಅವಳ ಊಟ ಎಷ್ಟೆಂಬುದು ಊರಿಗೆಲ್ಲ ಗೊತ್ತಿತ್ತು. ಬಾವಿಯ ಬಳಿ ಒಬ್ಬಳು ಕೇಳಿಯೇ ಬಿಟ್ಟಳು.

“ಇದು ಯಾರ ಬಲ ಕಾಶವ್ವಾ?”

“ನಮ್ಮ ಮನೆಯವರದು” ಎಂದಳು ಅವಳು.

ಆಮೇಲೆ ಅವಳು ಬಾವಿಗೆ ಬಂದರೆ ಉಳಿದವರು ಸರಿದು ದಾರಿ ಬಿಡತೊಡಗಿದರು. ಅವಳು ಹಿಡಿದ ಹಗ್ಗವನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟುತ್ತಿರಲಿಲ್ಲ. ಸತ್ತವರು ಬಲ ಕೊಡುವುದು ಸುಮ್ಮನೆ ಅಲ್ಲ, ದೂರ ನಡೆಸಿಕೊಂಡು ಹೋಗುವುದಕ್ಕೆ ಎಂದು ಮುದುಕಿಯರು ಮಗನ ಕಿವಿಗೆ ಹಾಕಿದರು. ಮಗ ಹೆದರಿದ. ಪಕ್ಕದ ಊರಿನಲ್ಲಿ ಪೀಡೆ ಬಿಡಿಸುವವನೊಬ್ಬನಿದ್ದ. ಬಟ್ಟಲನ್ನು ಹೂಳಿಸಿ, ಮಗ್ಗದ ಕೋಣೆಯ ಹೊಸ್ತಿಲಿಗೆ ಮೊಳೆ ಹೊಡೆಸುವುದೆಂದು ಮಗ ಅವನಿಗೆ ಹೇಳಿ ಬಂದ.

ಅವನು ಬರುವ ಹಿಂದಿನ ದಿನ ನಿಂಬೆಕ್ಕ ಎಮ್ಮೆಯ ಬಳಿ ಹೋಗಲಿಲ್ಲ. ಮಗ್ಗದ ಕೋಣೆಯ ಮೂಲೆಯಲ್ಲಿ, ನೂಲಿನ ಲಡಿಗಳನ್ನು ತೂಗುಹಾಕಿದ ಗಳುವಿನ ಹಿಂದೆ ಕುಳಿತಳು. ಬಟ್ಟಲು ಅವಳಿಗೆ ಕಾಣುತ್ತಿತ್ತು. ಹಾಲಿನ ಮೇಲೆ ಮಾಡಿನ ಬೆಳಕಿಂಡಿಯ ಬಿಸಿಲು ಬಿದ್ದಿತ್ತು.

ನಡುಮನೆಯಲ್ಲಿ ಚಾಪೆ ಸರಿದ ಸದ್ದಾಯಿತು. ಆಮೇಲೆ ನಡಿಗೆಯ ಸದ್ದು. ಒಂದು ಹೆಜ್ಜೆ ಊರುತ್ತಿತ್ತು, ಇನ್ನೊಂದು ಸ್ವಲ್ಪ ಎಳೆಯುತ್ತಿತ್ತು. ಆ ನಡಿಗೆ ನಿಂಬೆಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಿ ಬಂದಂದಿನಿಂದ ದಿನಾ ಮಧ್ಯಾಹ್ನ ಅದನ್ನು ಕೇಳಿದ್ದಳು. ಅವಳಿಗೆ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು. ಮುಚ್ಚಲಾಗಲಿಲ್ಲ.

ಬಾಗಿಲಿಗೆ ಬಂದವಳು ಕಾಶವ್ವ. ಕಣ್ಣುಗಳು ತೆರೆದಿದ್ದವು. ಎದುರಿಗಿದ್ದದ್ದನ್ನು ನೋಡುತ್ತಿರಲಿಲ್ಲ. ಎಡಗಾಲು ಎಳೆಯುತ್ತ ಬಂದು ಬಟ್ಟಲನ್ನು ಒಂದೇ ಕೈಯಲ್ಲಿ ಎತ್ತಿದಳು. ಎಚ್ಚರವಿದ್ದಾಗ ಅವಳು ಯಾವ ಪಾತ್ರೆಯನ್ನೂ ಎರಡು ಕೈಯಲ್ಲಿ ಹಿಡಿದು, ಕುಳಿತು ಕುಡಿಯುವವಳು. ಈಗ ನಿಂತು ಕುಡಿದಳು. ಎಡಗೈಯ ಹಿಂಬದಿಯಿಂದ ಬರಿಯ ಮೇಲ್ದುಟಿಯನ್ನು ಒರೆಸಿಕೊಂಡಳು. ಬಟ್ಟಲನ್ನು ಗೂಡಿನಲ್ಲಿ ಬೋರಲು ಇಟ್ಟಳು. “ಮುಗೀತು” ಎಂದಳು.

ತಿರುಗಿ ಹೊರಟವಳು ಬಾಗಿಲಲ್ಲಿ ನಿಂತಳು. ಲಡಿಗಳ ಕಡೆ ಮುಖ ಮಾಡಿದಳು.

“ತಂಗೀ, ಹಾಲು ತೆಳ್ಳಗಾಗಿದೆ.”

ಅತ್ತೆ ನಿಂಬೆಕ್ಕನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ತಂಗೀ ಎಂದು ಕರೆಯುತ್ತಿದ್ದವನು ಮಾವನೊಬ್ಬನೇ. ಸತ್ತವನಿಗೆ ಇಡುವ ಹಾಲು ತಾನೆ ಎಂದು ನಿಂಬೆಕ್ಕ ಆ ವಾರ ಹಾಲಿಗೆ ನೀರು ಬೆರೆಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಕಾಶವ್ವ ಹೋಗಿ ಚಾಪೆಯ ಮೇಲೆ ಮಲಗಿದಳು. ಎಚ್ಚರವಾದಾಗ ಎಂದಿನಂತೆ ಮುಖ ತೊಳೆದು ಕೋಣೆಗೆ ಬಂದಳು. ಬೋರಲು ಬಟ್ಟಲನ್ನು ಕಂಡು ಕೈಮುಗಿದಳು. ಬಾಯಲ್ಲಿ ಉಳಿದ ರುಚಿಯೂ ಅವಳಿಗೆ ತಿಳಿದಿರಲಿಲ್ಲ.

ನಿಂಬೆಕ್ಕ ಗಂಡನನ್ನು ಹಿತ್ತಿಲಿಗೆ ಕರೆದು ಎಲ್ಲವನ್ನೂ ಹೇಳಿದಳು.

“ಅಪ್ಪ ಅವ್ವನ ಮೈಯಲ್ಲಿ ಹೊಕ್ಕಿದ್ದಾನೆ. ನಾಳೆ ಹೇಗೂ ಪೀಡೆ ಬಿಡಿಸುವವನು ಬರುತ್ತಾನೆ, ಬಿಡಿಸುತ್ತಾನೆ.”

“ಬಿಡಿಸಿದರೆ ಹಾಲು ಕುಡಿಯುವವರು ಯಾರು?” ಎಂದಳು ನಿಂಬೆಕ್ಕ. “ಬಟ್ಟಲು ತುಂಬಿದಂತೆ ಉಳಿದಾಗ ಅತ್ತೆ ಹೇಗಿದ್ದರು, ನೀವೇ ನೋಡಿದ್ದೀರಿ. ವೈದ್ಯರ ಬೆರಳನ್ನು ಹಿಡಿದಿದ್ದೇನೆ ಎಂದರು. ಹಿಡಿದಿರಲಿಲ್ಲ.”

“ಹಾಗಾದರೆ ಅವ್ವನಿಗೆ ಹೇಳೋಣ. ನೀನೇ ಕುಡಿಯುತ್ತಿದ್ದೀಯ ಎನ್ನೋಣ.”

“ಹೇಳಿದ ದಿನವೇ ಬಟ್ಟಲು ಇಡುವುದನ್ನು ನಿಲ್ಲಿಸುತ್ತಾರೆ.”

ಮಗ ಬಹಳ ಹೊತ್ತು ಬೇವಿನ ಬುಡ ನೋಡುತ್ತ ನಿಂತ. ಮರುದಿನ ಬೆಳಿಗ್ಗೆ ಪೀಡೆ ಬಿಡಿಸುವವನು ಬಂದಾಗ, ತಾನೇ ಊರ ಹೊರಗೆ ಎದುರು ಹೋಗಿ ಅವನನ್ನು ಹಿಂದಕ್ಕೆ ಕಳಿಸಿದ. ಆ ಮಧ್ಯಾಹ್ನ ಅವನೂ ಲಡಿಗಳ ಹಿಂದೆ ಕುಳಿತು ನೋಡಿದ. ಬಟ್ಟಲು ಇಡುವಾಗ ಕಾಶವ್ವನ ಜೊತೆ ನಿಂತು, ಮಾವನಿಗೆ ಕಡಿಮೆಯಾದೀತು ಎಂದು ನಿಂಬೆಕ್ಕ ಇನ್ನಷ್ಟು ಸುರಿಯತೊಡಗಿದಳು. ನೀರು ಬೆರೆಸುವುದನ್ನು ಬಿಟ್ಟಿದ್ದಳು. ಬೇಸಿಗೆಯಲ್ಲಿ ಹಾಲಿನ ಬದಲು ಮೊಸರು ಇಟ್ಟರೆ ಅದೂ ಬರಿದಾಗುತ್ತಿತ್ತು.

ಹೀಗೆ ವರ್ಷಗಳು ಹೋದವು. ಮನೆಯವರು ಅದಕ್ಕೆ ಹೊಂದಿಕೊಂಡರು. ಭಯ ಎಂಬುದು ಒಂದು ಹೊತ್ತಿಗೆ ಕಟ್ಟಿಬಿದ್ದರೆ ಮನುಷ್ಯ ಅದರ ಸುತ್ತ ತನ್ನ ಕೆಲಸಗಳನ್ನು ಜೋಡಿಸಿಕೊಳ್ಳುತ್ತಾನೆ. ಕಾಶವ್ವ ರಾಟೆ ತಿರುಗಿಸುತ್ತಿದ್ದಳು, ಈ ನಡುವೆ ಹುಟ್ಟಿದ ಮೊಮ್ಮಗಳನ್ನು ಎತ್ತುತ್ತಿದ್ದಳು. ಸಂತೋಷವಾಗಿಯೂ ಇದ್ದಳು. ದಿನಾ ಮಧ್ಯಾಹ್ನ ಗಂಡ ಬಂದು ಹೋಗುತ್ತಾನೆ ಎಂದು ತಿಳಿದ ಹೆಂಗಸಿಗೆ ಏನು ಕಡಿಮೆ?

ಒಂದು ದಿನ ಮನೆಗೆ ನೆಂಟರು ಬಂದಿದ್ದರು. ಅವರನ್ನು ಕಳಿಸುವ ಗಡಿಬಿಡಿಯಲ್ಲಿ ಹಾಲು ಕಾಯಿಸುವುದು ತಡವಾಯಿತು. ಒಲೆಯಿಂದ ಇಳಿಸಿದ್ದನ್ನು ನಿಂಬೆಕ್ಕ ಆರಿಸದೆ ಬಟ್ಟಲಿಗೆ ಸುರಿದಳು. ನೆನಪಾಗಿ ಕೋಣೆಗೆ ಓಡಿ ಬರುವ ಹೊತ್ತಿಗೆ ಕಾಶವ್ವ ಬಟ್ಟಲನ್ನು ಎತ್ತಿಯಾಗಿತ್ತು. ಒಂದೆರಡು ಗುಟುಕು ಇಳಿಯಿತು. ತುಟಿ ಸುಟ್ಟಿತು. ಅವಳಿಗೆ ಎಚ್ಚರವಾಯಿತು.

ಕಾಶವ್ವ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದಳು. ನಾಲಿಗೆಯಿಂದ ತುಟಿಯನ್ನು ಮುಟ್ಟಿ ನೋಡಿಕೊಂಡಳು.

“ನಿಂಬೆಕ್ಕಾ, ನಾನು ಇಲ್ಲಿಗೆ ಹೇಗೆ ಬಂದೆ?”

“ನಡೆದು ಬಂದಿರಿ ಅತ್ತೆ.”

“ಯಾವತ್ತಿನಿಂದ ಬರುತ್ತಿದ್ದೇನೆ?”

“ಬಟ್ಟಲು ಬರಿದಾಗತೊಡಗಿದಾಗಿನಿಂದ.”

ಕಾಶವ್ವ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತಳು. ಬಟ್ಟಲು ತೊಡೆಯ ಮೇಲಿತ್ತು. “ಹಾಗಾದರೆ ಅವರು ಬಂದೇ ಇರಲಿಲ್ಲ” ಎಂದಳು.

“ನನಗೆ ಗೊತ್ತಿಲ್ಲ ಅತ್ತೆ. ನಾನು ಕಂಡದ್ದು ನಿಮ್ಮ ಮೈ. ಅದರಲ್ಲಿದ್ದ ನಡಿಗೆ ಮಾವನದು. ನನ್ನನ್ನು ತಂಗೀ ಎಂದು ಕರೆದದ್ದೂ ನಿಜ.”

ಉಳಿದ ಹಾಲು ಆರಿತು. ಅದರ ಮೇಲೆ ಕೆನೆ ಕಟ್ಟುವವರೆಗೂ ಅವಳು ನೋಡುತ್ತಲೇ ಇದ್ದಳು. ನಿಂಬೆಕ್ಕ ಬಾಗಿಲಿನಿಂದ ಕದಲಲಿಲ್ಲ. ಅತ್ತೆ ಈಗ ಬಟ್ಟಲನ್ನು ನೆಲಕ್ಕೆ ಇಟ್ಟುಬಿಟ್ಟರೆ ಮುಂದಿನದೆಲ್ಲ ಅವಳಿಗೆ ಕಾಣುತ್ತಿತ್ತು. ಸೀರೆಯಲ್ಲೇ ಉಳಿಯುವ ನೀರು, ಹೊಸ್ತಿಲ ಮುಂದೆ ನಿಲ್ಲುವ ಕಾಲು, ಅಂಗಳ.

ಕಾಶವ್ವ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದಳು. ಕುಳಿತಲ್ಲೇ, ನಿಧಾನವಾಗಿ, ಪೂರ್ತಿ ಕುಡಿದಳು. ಬೋರಲು ಇಡಲಿಲ್ಲ. ಹೊರಗೆ ಹೋಗಿ ತೊಳೆದು ತಂದಳು.

ಮರುದಿನ ಅವಳು ಎರಡು ಬಟ್ಟಲು ತುಂಬಿಸಿದಳು. ತನ್ನದನ್ನು ಅಡುಗೆಮನೆಯಲ್ಲಿ ಎಲ್ಲರ ಎದುರು ಕುಡಿದಳು. ಗಂಡನದನ್ನು ಮಗ್ಗದ ಕೋಣೆಯಲ್ಲಿ ಇಟ್ಟು ಬಂದು ಚಾಪೆಯ ಮೇಲೆ ಮಲಗಿ, ಕಣ್ಣು ಮುಚ್ಚಿಕೊಂಡು ಕಾದಳು. ಸಂಜೆ ಅವನ ಬಟ್ಟಲು ತುಂಬಿದಂತೆಯೇ ಇತ್ತು. ಮರುದಿನವೂ ಹಾಗೆಯೇ ಇತ್ತು. ಬಾಗಿಲು ತೆರೆದಿಟ್ಟು ನೋಡಿದಳು. ಬೇಗ ಇಟ್ಟು ನೋಡಿದಳು. ಒಂದು ದಿನ ಮಗ್ಗದ ಮೇಲೆ ತಲೆಯಿಟ್ಟು, “ತಂದಿದ್ದೇನೆ, ಏಳಿ” ಎಂದು ಎಚ್ಚರದಲ್ಲೇ ಕರೆದಳು. ಮಗ್ಗದ ಕುಣಿ ತಣ್ಣಗಿತ್ತು. ಅಲ್ಲಿ ಯಾರೂ ಇರಲಿಲ್ಲ.

ಆ ದಿನ ಕಾಶವ್ವ ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅವನು ಅಂದೇ ಸತ್ತನೋ ಎಂಬಂತೆ ಅತ್ತಳು. ನಿಂಬೆಕ್ಕ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. ಅತ್ತು ಮುಗಿದ ಮೇಲೆ ಮೊಮ್ಮಗಳು ಅಜ್ಜಿಗೆ ಮಜ್ಜಿಗೆ ತಂದುಕೊಟ್ಟಳು. ಕಾಶವ್ವ ಅದನ್ನು ಕುಡಿದಳು. ಆಮೇಲೂ ಬಹಳ ಕಾಲ ಬದುಕಿದಳು. ಅವಳನ್ನು ಕಂಡು ಬಾವಿಯ ಬಳಿ ಯಾರೂ ಸರಿಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಾಂತಯ್ಯ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಬಾವಿಯ ಕಟ್ಟೆಯ ಕಲ್ಲು ತರಚಿದ ಗುರುತು ಅಲ್ಲಿತ್ತು. ತಲೆಯೆತ್ತಿ ಕೇಳಿದ.

“ಗುರುಗಳೇ, ಅಷ್ಟು ವರ್ಷ ಆ ಹಾಲು ಕುಡಿದವರು ಯಾರು?”

“ಕುಡಿದವರನ್ನು ಹುಡುಕುವ ಮೊದಲು, ಬೇಡ ಎಂದವರು ಯಾರು ಎಂದು ಹೇಳು.”